ಚೆಂಡನ್ನು ದೂರಕ್ಕೆ ಕಳುಹುವ ಬಲ ಎಲ್ಲಿದೆ?

ತೋಳಿನಲ್ಲಿ ಬಲವುಳ್ಳವನು ದೂರ ಹೊಡೆಯುವನು, ಇಲ್ಲದವನು ಹತ್ತಿರ ಹೊಡೆಯುವನು ಎಂಬುದು ಲೋಕದ ಸಾಮಾನ್ಯವಾದ ನಂಬಿಕೆ. ಭೀಮಸೇನನ ಗದೆಯ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಪ್ರಮಾಣವನ್ನೇ ಬೇಡದ ಮಾತಾಗಿ ತೋರುವುದು. ಆದರೆ ಹಿತ್ತಿಲಲ್ಲಿ ಸೌದೆ ಒಡೆಯುವವರನ್ನು ಒಮ್ಮೆ ನಿಂತು ನೋಡಿರಿ. ಮೈದುಂಬಿದ ತರುಣನ ಕೊಡಲಿಯು ಕೊರಡಿನಲ್ಲಿ ಕಚ್ಚಿಕೊಂಡು ನಿಲ್ಲುವುದು. ಎಲುಬು ಕಾಣುವ ಮುದುಕನ ಕೊಡಲಿಯು ಎರಡೇ ಪೆಟ್ಟಿಗೆ ಅದನ್ನು ಸೀಳಿಹಾಕುವುದು. ಹಾಗಾದರೆ ಪೆಟ್ಟಿನ ಬಲವು ತೋಳಿನಲ್ಲಿದೆಯೆ, ಬೀಸಿನಲ್ಲಿದೆಯೆ?

ಈ ಪ್ರಶ್ನೆಯನ್ನು ಒಂದು ಶತಮಾನದಿಂದ ಅಳೆದು ತೂಗಿ ನೋಡುತ್ತಿರುವ ಆಟವೊಂದುಂಟು. ಅದು ಅಮೆರಿಕದಲ್ಲಿ ಹುಟ್ಟಿ ಬೆಳೆದು, ಜಪಾನಿನವರಿಗೂ ಪ್ರಾಣಪ್ರಿಯವಾದ ಬೇಸ್‌ಬಾಲ್ ಆಟ. ನಮ್ಮ ವಾಚಕರಿಗೆ ಕ್ರಿಕೆಟ್ಟಿನ ಪರಿಚಯವು ಸಾಕಷ್ಟಿರುವುದರಿಂದ ಇದನ್ನು ವಿವರಿಸುವುದು ಕಷ್ಟವಲ್ಲ. ಇಲ್ಲಿ ದಾಂಡು ಚಪ್ಪಟೆಯಲ್ಲ, ಒನಕೆಯಂತೆ ದುಂಡಗಿನದು. ಅತಿ ದಪ್ಪವಾದ ಕಡೆಯಲ್ಲಿಯೂ ಅದರ ಅಡ್ಡಳತೆ ೨.೬೧ ಅಂಗುಲವನ್ನು ಮೀರಕೂಡದು. ಚೆಂಡು ೫ರಿಂದ ೫¼ ಔನ್ಸು ತೂಕದ್ದು. ಅದು ನೆಲಕ್ಕೆ ಪುಟಿಯದೆ ನೇರವಾಗಿ ಬರುವುದು. ಎಸೆಯುವವನು ನಿಲ್ಲುವ ಹಲಗೆಗೂ ದಾಂಡಿಗನ ಮುಂದಿನ ಫಲಕಕ್ಕೂ ಇರುವ ದೂರ ೬೦ ಅಡಿ ೬ ಅಂಗುಲ. ೧೮೯೩ರಿಂದ ಇದು ಬದಲಾಗಿಲ್ಲ. ದಾಂಡಿಗನು ತನ್ನೆದುರಿನ ಎರಡು ಗೆರೆಗಳ ನಡುವೆ ಚೆಂಡನ್ನು ಹಾರಿಸಿ ಬೇಲಿಯಾಚೆ ಕಳುಹಿದರೆ ಅದು ‘ಹೋಮ್ ರನ್’. ಬೇಲಿಯು ಮೂಲೆಗಳಲ್ಲಿ ಸುಮಾರು ೩೩೦ ಅಡಿಯೂ ನಡುವೆ ಸುಮಾರು ೪೦೦ ಅಡಿಯೂ ದೂರದಲ್ಲಿರುವುದು. ಆ ಪೆಟ್ಟಿಗಾಗಿಯೇ ಜನರು ಕಿಕ್ಕಿರಿದು ಸೇರುವರು.

ಹೋಮ್ ರನ್ನಿನ ಹುಚ್ಚನ್ನು ಜನರಿಗೆ ಹಿಡಿಸಿದವನು ಬೇಬ್ ರೂತ್. ೧೯೨೦ರಲ್ಲಿ ೫೪, ೧೯೨೧ರಲ್ಲಿ ೫೯, ೧೯೨೭ರಲ್ಲಿ ೬೦, ಒಟ್ಟು ಜೀವಮಾನದಲ್ಲಿ ೭೧೪ ಹೋಮ್ ರನ್ನುಗಳನ್ನು ಅವನು ಹೊಡೆದನು. ಆರಡಿ ಎರಡಂಗುಲದ ಆಳು, ದೊಡ್ಡ ಎದೆ, ಅದಕ್ಕಿಂತ ದೊಡ್ಡ ಹೊಟ್ಟೆ, ಸಣ್ಣ ಕಾಲುಗಳು. ಆಹಾರ ಪಾನೀಯಗಳಲ್ಲಿ ನಿಯಮವೆಂಬುದೇ ಇಲ್ಲ. ಗರಡಿಯ ಯಾವ ಉಸ್ತಾದನೂ ಮೆಚ್ಚುವಂತಹ ಮೈಯಲ್ಲ. ಆದರೂ ನಲವತ್ತು ಔನ್ಸಿಗೆ ಮೇಲ್ಪಟ್ಟ ದಾಂಡನ್ನು ಅವನು ಬೆತ್ತದಂತೆ ಬೀಸುತ್ತಿದ್ದನು. ಇದರ ಮರ್ಮವನ್ನು ತಿಳಿಯಬೇಕೆಂದು ಹ್ಯೂ ಫುಲ್ಲರ್ಟನ್ ಎಂಬ ಪತ್ರಿಕಾಲೇಖಕನು ೧೯೨೧ರಲ್ಲಿ ಒಂದು ದಿನ ಆಟವು ಮುಗಿಯುತ್ತಲೆ ರೂತನನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಯೋಗಶಾಲೆಗೆ ಕರೆದೊಯ್ದನು. ಅಲ್ಲಿ ಅವನ ಕಣ್ಣು, ಕಿವಿ, ಕೈಗಳ ಚುರುಕನ್ನೆಲ್ಲ ಯಂತ್ರಗಳಿಂದ ಅಳೆದರು. ಸಾಮಾನ್ಯರಿಗಿಂತ ಅವನ ಕಣ್ಣು ನೂರಕ್ಕೆ ೧೨ರಷ್ಟು ಶೀಘ್ರವಾಗಿ ಕೆಲಸ ಮಾಡುವುದೆಂದೂ, ಕಣ್ಣು ಮಿದುಳು ಸ್ನಾಯುಗಳು ಕೂಡಿ ದುಡಿಯುವುದರಲ್ಲಿ ಸಾಮಾನ್ಯನು ನೂರಕ್ಕೆ ೬೦ರ ಮಟ್ಟದಲ್ಲಿದ್ದರೆ ರೂತನು ೯೦ರ ಮಟ್ಟದಲ್ಲಿರುವನೆಂದೂ ವರದಿಯಾಯಿತು. ಇನ್ನೊಂದು ವಿನೋದದ ಸಂಗತಿಯೂ ಹೊರಬಿತ್ತು. ಬೀಸುವಾಗ ಅವನು ಉಸಿರು ಕಟ್ಟುತ್ತಿದ್ದನಂತೆ. ಅದನ್ನು ಬಿಟ್ಟರೆ ಇನ್ನೂ ಜೋರಾಗಿ ಹೊಡೆಯಬಲ್ಲನೆಂದು ಪಂಡಿತರು ಅಭಿಪ್ರಾಯಪಟ್ಟರು. ಅಷ್ಟು ಹೋಮ್ ರನ್ನು ಹೊಡೆದವನಿಗೆ ಉಸಿರಾಡುವುದನ್ನು ಕಲಿಸಹೊರಟ ಆ ಪಂಡಿತರ ಧೈರ್ಯವನ್ನು ನಾವು ಮೆಚ್ಚಲೇಬೇಕು. ಅಂದಿನ ಯಂತ್ರಗಳು ಅಷ್ಟೇನೂ ಸೂಕ್ಷ್ಮವಾದುವಲ್ಲ. ಆದರೂ ಬಲವನ್ನು ತೋಳಿನ ಸುತ್ತಳತೆಯಲ್ಲಿ ಹುಡುಕದೆ ಬೇರೆಡೆಯಲ್ಲಿ ಹುಡುಕಿದ್ದು ಸರಿಯಾದ ದಾರಿಯೇ ಆಗಿದ್ದಿತು.

ಪೆಟ್ಟು ಬೀಳುವ ಆ ಒಂದು ಕ್ಷಣದಲ್ಲಿ ನಡೆಯುವುದೇನು? ಯೇಲ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ರಾಬರ್ಟ್ ಅಡೇರರು ೧೯೯೦ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನೇ ಬರೆದರು. ಅವರ ತರುವಾಯ ಇಲಿನಾಯ್ ವಿಶ್ವವಿದ್ಯಾನಿಲಯದ ಆಲನ್ ನೇಥನ್ನರು ಈ ಅಭ್ಯಾಸವನ್ನು ಬಹುದೂರ ಮುಂದುವರಿಸಿದರು. ಚೆಂಡೂ ದಾಂಡೂ ಒಂದನ್ನೊಂದು ಮುಟ್ಟಿರುವ ಕಾಲವು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ. ಅಷ್ಟರೊಳಗೆ ಚೆಂಡು ಚಪ್ಪಟೆಯಾಗಿ, ನಿಂತು, ಹಿಂದಿರುಗಿ ಹಾರಬೇಕು. ಈ ಮಧ್ಯೆ ಚೆಂಡಿನ ಮೇಲೆ ಬೀಳುವ ಒತ್ತಡವು ಸರಾಸರಿಯಲ್ಲಿ ಒಂದೂವರೆ ಟನ್ನಿಗೂ ಮೇಲಾಗುವುದು. ಇಷ್ಟು ಅಲ್ಪಕಾಲದಲ್ಲಿ ಹಿಡಿಕೆಯ ಕಡೆಯಿಂದ ಕೈಯ ಬಲವು ದಾಂಡಿನ ತುದಿಗೆ ಬಂದು ಮುಟ್ಟುವುದಕ್ಕೆ ಸಮಯವೇ ಇಲ್ಲ. ಆದುದರಿಂದ ಆ ಕ್ಷಣದಲ್ಲಿ ಹಿಡಿಯನ್ನು ಬಿಗಿದರೂ ಒಂದೇ, ಸಡಿಲಿಸಿದರೂ ಒಂದೇ. ಇದನ್ನು ನಂಬದವರಿಗೆ ೨೦೧೨ರಲ್ಲಿ ಪ್ರತ್ಯಕ್ಷ ಪ್ರಮಾಣವೇ ದೊರಕಿತು. ಸಿನ್ಸಿನಾಟಿಯ ಆಟಗಾರ ಟಾಡ್ ಫ್ರೇಜಿಯರನ ದಾಂಡು ಪೆಟ್ಟಿನ ವೇಳೆಗೆ ಕೈಯಿಂದ ಜಾರಿಹೋಗುತ್ತಿದ್ದಿತು. ಆದರೂ ಚೆಂಡು ಬೇಲಿಯನ್ನು ದಾಟಿ ಬಿದ್ದಿತು.

ಹಾಗಾದರೆ ದೇಹವು ಮಾಡಬೇಕಾದ ಕೆಲಸವೆಲ್ಲ ಪೆಟ್ಟಿಗೆ ಮುಂಚೆಯೇ ಮುಗಿದಿರಬೇಕು. ಮುಟ್ಟುವ ಗಳಿಗೆಯಲ್ಲಿ ದಾಂಡಿನ ದಪ್ಪ ಭಾಗಕ್ಕೆ ಎಷ್ಟು ವೇಗವಿದೆ ಎಂಬುದೊಂದೇ ಆಗ ಲೆಕ್ಕಕ್ಕೆ ಬರುವುದು. ಲೆಕ್ಕವೂ ಸುಲಭವಾದುದೇ. ಮರದ ದಾಂಡಿನ ಸರಿಯಾದ ಸ್ಥಳಕ್ಕೆ ಚೆಂಡು ಬಿದ್ದರೆ, ಬಂದ ಚೆಂಡಿನ ವೇಗದ ಐದನೆಯ ಒಂದು ಪಾಲನ್ನೂ, ದಾಂಡಿನ ವೇಗದ ಒಂದೂ ಐದನೆಯ ಒಂದು ಪಾಲನ್ನೂ ಕೂಡಿಸಿದರೆ ಹೊರಡುವ ಚೆಂಡಿನ ವೇಗವು ಸಿಕ್ಕುವುದು. ಗಂಟೆಗೆ ೮೫ ಮೈಲಿಯ ವೇಗದಿಂದ ಬಂದು ತಗಲುವ ಚೆಂಡನ್ನು ೭೦ ಮೈಲಿಯ ವೇಗದಲ್ಲಿ ಬೀಸಿ ಹೊಡೆದರೆ ಅದು ೧೦೧ ಮೈಲಿಯ ವೇಗದಿಂದ ಹೊರಡುವುದು. ೭೫ ಮೈಲಿಯಲ್ಲಿ ಬೀಸಿದರೆ ೧೦೭. ಹೀಗೆ ಹೆಚ್ಚಿದ ಒಂದೊಂದು ಮೈಲಿಗೂ ಚೆಂಡು ಸುಮಾರು ಐದೈದು ಅಡಿ ಮುಂದೆ ಬೀಳುವುದೆಂದು ಕಂಡಿದ್ದಾರೆ. ಬೀಸಿನಲ್ಲಿ ಐದೇ ಮೈಲಿಯ ಭೇದ. ಮೈದಾನದಲ್ಲಿ ಮೂವತ್ತು ಅಡಿಯ ಭೇದ. ಬೇಲಿಯೊಳಗೆ ಎದುರಾಳಿಯ ಕೈಗೆ ಸಿಕ್ಕಿ ಅಳಿಯುವ ಪೆಟ್ಟಿಗೂ ಬೇಲಿಯಾಚೆ ಬೀಳುವ ಪೆಟ್ಟಿಗೂ ಇರುವ ಅಂತರವು ಬಹುಸಲ ಇಷ್ಟೇ. ಬರುವ ಚೆಂಡಿನ ವೇಗವು ಇದಕ್ಕೆ ಕೊಡುವ ಸಹಾಯವು ಬಹಳ ಸ್ವಲ್ಪ. ವೇಗದ ಚೆಂಡು ತಾನಾಗಿಯೇ ದೂರ ಹೋಗುವುದೆಂಬ ಜನರ ಮಾತನ್ನು ಈ ಲೆಕ್ಕವು ಒಪ್ಪುವುದಿಲ್ಲ.

ಈ ವೇಗವು ಎಲ್ಲಿಂದ ಬರುವುದು? ಎರಡು ಪೌಂಡು ತೂಕದ ದಾಂಡಿಗೆ ಸೆಕೆಂಡಿನ ಆರು-ಏಳರಲ್ಲೊಂದು ಪಾಲಿನೊಳಗೆ ಅಷ್ಟು ವೇಗವನ್ನು ಕೊಡುವುದಕ್ಕೆ ಸುಮಾರು ಮೂರು ಅಶ್ವಶಕ್ತಿಯಾದರೂ ಬೇಕು. ತೋಳಿನ ಸ್ನಾಯುಗಳು ಎಷ್ಟು ಉಬ್ಬಿದ್ದರೂ ಇದು ಅವುಗಳಿಂದಾಗುವ ಕೆಲಸವಲ್ಲ. ಮನುಷ್ಯನ ಶರೀರದಲ್ಲಿ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ಪೃಷ್ಠದಲ್ಲಿ, ನಡುವಿನಲ್ಲಿ, ಬೆನ್ನಿನಲ್ಲಿ. ದಾಂಡಿಗನು ಅಲ್ಲಿಂದಲೇ ಬಂಡವಾಳವನ್ನು ತೆಗೆಯಬೇಕು. ಅವನು ಮೊದಲು ಭಾರವನ್ನು ಹಿಂಗಾಲಿನ ಮೇಲೆ ತಂದುಕೊಳ್ಳುವನು. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡುವನು. ಮುಂಗಾಲು ನೆಲಕ್ಕೆ ಬಿದ್ದು ಗೂಟದಂತೆ ನಿಲ್ಲುವುದು. ಮುಂದೆ ಹರಿಯುತ್ತಿದ್ದ ಮೈಯ ಭಾರವು ಅದಕ್ಕೆ ತಡೆದು, ನಡುವು ಗಿರ್ರನೆ ತಿರುಗುವುದು. ನಡುವಿನ ಹಿಂದೆ ಭುಜಗಳು, ಭುಜಗಳ ಹಿಂದೆ ತೋಳುಗಳು, ತೋಳುಗಳ ಹಿಂದೆ ಮಣಿಕಟ್ಟು, ಕಟ್ಟಕಡೆಗೆ ದಾಂಡು. ೧೯೯೫ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಮುಂಗಾಲಿನ ಮೇಲೆ ಬೀಳುವ ಒತ್ತಡವು ಮೈತೂಕದ ನೂರಕ್ಕೆ ೧೨೩ರಷ್ಟೆಂದೂ, ನಡುವು ಸೆಕೆಂಡಿಗೆ ೭೧೪ ಅಂಶಗಳ ವೇಗದಲ್ಲಿಯೂ ಭುಜಗಳು ೯೩೭ ಅಂಶಗಳ ವೇಗದಲ್ಲಿಯೂ ತಿರುಗುವುದೆಂದೂ ಕಂಡುಬಂದಿತು. ಹಿಂದಿನದಕ್ಕಿಂತ ಮುಂದಿನದು ಹಗುರ. ಹಿಂದಿನದಕ್ಕಿಂತ ಮುಂದಿನದು ಶೀಘ್ರ. ಚಾಟಿಯನ್ನು ಬೀಸುವ ಗಾಡಿಯವನ ಕೈ ಅಷ್ಟೇನೂ ವೇಗವಾಗಿ ಆಡುವುದಿಲ್ಲ; ಆದರೆ ಚಾಟಿಯ ತುದಿಯು ಸಿಡಿಲಿನಂತೆ ಸಿಡಿಯುವುದು. ಇಲ್ಲಿಯೂ ಅದೇ ಕ್ರಮ. ಕಲ್ಲಿನ ಮೇಲೆ ಬಟ್ಟೆಯನ್ನು ಎತ್ತಿ ಒಗೆಯುವವರನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾದುದಿಲ್ಲ. ಬರಿಯ ತೋಳಿನಿಂದ ಒಗೆಯಹೋದವರು ನಾಲ್ಕು ಸೀರೆಗೇ ಸೋತು ಕುಳಿತುಕೊಳ್ಳುವರು.

ಈ ಸರಪಳಿಯಲ್ಲಿ ಒಂದು ಕೊಂಡಿಯು ತನ್ನ ಸರದಿಗೆ ಮುಂಚೆ ಎದ್ದರೂ ತಡವಾಗಿ ಎದ್ದರೂ ಕೆಲಸವು ಕೆಡುವುದು. ನಡುವೂ ಭುಜವೂ ಒಟ್ಟಿಗೆ ತಿರುಗಿದರೆ ಮೈಯೆಲ್ಲ ಒಂದೇ ಕಂಬವಾಗಿ, ಸ್ನಾಯುಗಳು ಸೆಳೆದು ಚಿಮ್ಮುವುದಕ್ಕೆ ಅವಕಾಶವೇ ದೊರೆಯದು. ೧೯೪೧ರಲ್ಲಿ .೪೦೬ರ ಸರಾಸರಿಯನ್ನು ಗಳಿಸಿದ ಟೆಡ್ ವಿಲಿಯಮ್ಸನು ತನ್ನ ಬರಹಗಳಲ್ಲಿ ಮತ್ತೆ ಮತ್ತೆ ಒತ್ತಿ ಹೇಳಿದುದು ಇದನ್ನೇ: ನಡುವು ಮುಂದೆ, ಕೈಗಳು ಹಿಂದೆ. ದಾಂಡು ಕೊಂಚ ಮೇಲ್ಮುಖವಾಗಿ ಬರಬೇಕೆಂದೂ ಅವನು ವಾದಿಸಿದನು. ಎಸೆಯುವವನು ದಿಬ್ಬದ ಮೇಲೆ ನಿಂತು ಎಸೆಯುವುದರಿಂದ ಚೆಂಡು ಇಳಿಯುತ್ತ ಬರುವುದಷ್ಟೆ. ಆ ದಾರಿಗೆ ದಾಂಡಿನ ದಾರಿಯು ಸರಿಹೊಂದಬೇಕೆಂಬುದು ಅವನ ಯುಕ್ತಿ. ಅಂದು ಅನೇಕ ಶಿಕ್ಷಕರು ಇದನ್ನು ಅಲ್ಲಗಳೆದರು. ಈಗಿನ ಯಂತ್ರಗಳು ಅವನ ಪಕ್ಷವನ್ನೇ ಹಿಡಿದಿವೆ. ನೆಲದಿಂದ ೨೫ರಿಂದ ೩೦ ಅಂಶಗಳಷ್ಟು ಮೇಲಕ್ಕೆ ಹೊರಟ ಚೆಂಡೇ ಅತಿದೂರ ಹೋಗುವುದೆಂದು ಅವು ತೋರಿಸುತ್ತವೆ.

ಇನ್ನು ಹೊತ್ತಿನ ಮಾತು. ಗಂಟೆಗೆ ೯೫ ಮೈಲಿಯ ಚೆಂಡು ಎಸೆಯುವವನ ಕೈಬಿಟ್ಟು ದಾಂಡಿಗನನ್ನು ಸೇರುವುದಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಸಾಕು. ಅದರಲ್ಲಿ ಬೀಸಿಗೇ ಒಂದೂವರೆ ಪಾಲು ಹೋಗುವುದು. ಉಳಿದ ಎರಡೂವರೆ ಪಾಲಿನಲ್ಲಿ ನೋಡಬೇಕು, ಅಳೆಯಬೇಕು, ಹೊಡೆಯುವುದೋ ಬಿಡುವುದೋ ನಿಶ್ಚಯಿಸಬೇಕು. ಸೆಕೆಂಡಿನ ನೂರರಲ್ಲೊಂದು ಪಾಲು ಮುಂಚೆಯಾದರೂ ಹಿಂದಾದರೂ ಚೆಂಡು ಗೆರೆಯಾಚೆ ಹೋಗಿ ವ್ಯರ್ಥವಾಗುವುದು. ಆದುದರಿಂದ ಬೇಗ ಬೀಸಬಲ್ಲವನಿಗೆ ಇನ್ನೊಂದು ಲಾಭವೂ ಉಂಟು. ಅವನು ಇತರರಿಗಿಂತ ಒಂದು ಚೂರು ಹೆಚ್ಚು ಹೊತ್ತು ನೋಡುತ್ತ ನಿಲ್ಲಬಲ್ಲನು.

ಈ ಶಾಸ್ತ್ರವೆಲ್ಲ ಒಬ್ಬ ಮನುಷ್ಯನ ಬಾಳಿನಲ್ಲಿ ಹೇಗೆ ಫಲಿಸಿತೆಂಬುದನ್ನು ನೋಡಬೇಕಾದರೆ ಜಪಾನಿನ ಸದಾಹರು ಓ ಎಂಬವರ ಚರಿತ್ರೆಯನ್ನು ನೋಡಬೇಕು. ಇವರು ೧೯೪೦ರಲ್ಲಿ ಟೋಕಿಯೋ ನಗರದಲ್ಲಿ ಹುಟ್ಟಿದರು. ತಂದೆ ಚೀನ ದೇಶದಿಂದ ಬಂದು ಊಟದ ಅಂಗಡಿಯನ್ನು ನಡೆಸುತ್ತಿದ್ದವರು. ಹುಡುಗನು ಎಡಚ, ಆದರೆ ಬಲಗೈಯವರಂತೆಯೇ ನಿಂತು ಹೊಡೆಯುತ್ತಿದ್ದನು. ಸುಮಿದಾ ನದಿಯ ಬಳಿಯ ಉಪವನದಲ್ಲಿ ಬಾಲಕರು ಆಡುತ್ತಿದ್ದಾಗ ಆ ದಾರಿಯಾಗಿ ಬಂದ ಹಿರೋಶಿ ಅರಕಾವ ಎಂಬ ವೃತ್ತಿಯ ಆಟಗಾರರೊಬ್ಬರು ಇದನ್ನು ಕಂಡು, “ಎಡಗಡೆ ನಿಂತು ಹೊಡೆದು ನೋಡು” ಎಂಬುದಾಗಿ ಸೂಚಿಸಿದರು. ಹುಡುಗನು ಹಾಗೆಯೇ ನಿಂತು ಒಳ್ಳೆಯ ಪೆಟ್ಟೊಂದನ್ನು ಹೊಡೆದನು. ಅಲ್ಲಿಗೆ ಆ ಭೇಟಿಯು ಮುಗಿಯಿತು.

ಓ ಅವರು ೧೯೫೯ರಲ್ಲಿ ಯೋಮಿಯುರಿ ಜೈಂಟ್ಸ್ ಎಂಬ ಪ್ರಸಿದ್ಧ ತಂಡವನ್ನು ಸೇರಿದರು. ಮೊದಲ ಇಪ್ಪತ್ತಾರು ಸರದಿಗಳಲ್ಲಿ ಒಂದು ಪೆಟ್ಟೂ ದೊರೆಯಲಿಲ್ಲ. ಆ ವರ್ಷದ ಹೋಮ್ ರನ್ನುಗಳು ೭. ಮುಂದಿನ ವರ್ಷ ೧೭. ೧೯೬೧ರಲ್ಲಿ ಮತ್ತೆ ಇಳಿದು ೧೩. ‘ಓ’ ಎಂಬ ಹೆಸರಿಗೆ ರಾಜನೆಂದು ಅರ್ಥ. ಪ್ರೇಕ್ಷಕರು ಅದನ್ನೇ ಹಿಡಿದು ಚೆಂಡು ತಪ್ಪುವವರ ರಾಜನೆಂದು ಹಾಸ್ಯಮಾಡುತ್ತಿದ್ದರು. ಮೈಯಲ್ಲಿ ಕಸುವಿಲ್ಲವೆಂದು ಯಾರೂ ಹೇಳಲಿಲ್ಲ. ಕಸುವಿದ್ದಿತು, ಅದು ದಾಂಡಿನ ತುದಿಗೆ ಬರುತ್ತಿರಲಿಲ್ಲ. ಬೀಸು ತೊಡಗುವಾಗ ಕೈಗಳು ಒಂದು ಸಲ ಅನಾವಶ್ಯಕವಾಗಿ ಹಿಂದಕ್ಕೆ ಎಳೆದುಕೊಳ್ಳುವ ಚಾಳಿಯೊಂದು ಅವರನ್ನು ಕಾಡುತ್ತಿದ್ದಿತು. ಅಷ್ಟರಲ್ಲಿ ಚೆಂಡು ಬಂದುಬಿಡುವುದು. ಇಪ್ಪತ್ತೆರಡನೆಯ ವಯಸ್ಸಿಗೇ ವೃತ್ತಿಯು ಕೈತಪ್ಪಿ ಹೋಗುವಂತಿದ್ದಿತು. ರಾತ್ರಿಯ ಗೆಳೆಯರ ಸಹವಾಸ, ಕುಡಿತ ಬೇರೆ.

೧೯೬೨ರಲ್ಲಿ ಆ ತಂಡಕ್ಕೆ ಶಿಕ್ಷಕರಾಗಿ ಬಂದವರು, ಉಪವನದಲ್ಲಿ ಕಂಡಿದ್ದ ಅದೇ ಅರಕಾವ. ಕುಡಿತವನ್ನು ಬಿಡಬೇಕು, ಹೇಳಿದಂತೆ ಕೇಳಬೇಕು ಎಂಬುದು ಅವರ ಕರಾರು. ತಮ್ಮ ಶಿಷ್ಯನನ್ನು ಅವರು ಐಕಿಡೋ ಎಂಬ ಮಲ್ಲವಿದ್ಯೆಯ ಮೂಲಪುರುಷರಾದ ಮೊರಿಹೆಯ್ ಉಯೆಶಿಬರ ಬಳಿಗೂ ಕರೆದೊಯ್ದರು. ಹೊಕ್ಕುಳ ಕೆಳಗಿನ ಒಂದು ಬಿಂದುವಿನಲ್ಲಿ ಮನಸ್ಸನ್ನೂ ಮೈಯ ಭಾರವನ್ನೂ ನೆಲೆಗೊಳಿಸುವುದೇ ಆ ವಿದ್ಯೆಯ ಮೊದಲ ಪಾಠ. ಕಡೆಗೆ ಅರಕಾವ ಅವರು ಕಂಡುಕೊಂಡ ಉಪಾಯವು ನೋಡುವವರಿಗೆ ನಗೆ ತರಿಸುವಂತಹುದು: ಚೆಂಡು ಬರುವ ಮೊದಲೇ ಮುಂಗಾಲನ್ನು ಮೊಣಕಾಲು ನಡುವಿನ ಮಟ್ಟಕ್ಕೆ ಬರುವಂತೆ ಎತ್ತಿ, ಕೊಕ್ಕರೆಯಂತೆ ಒಂದೇ ಕಾಲಿನಲ್ಲಿ ನಿಲ್ಲುವುದು. ಹಾಗೆ ನಿಂತವನಿಗೆ ಕೈಯಾಡಿಸುವ ಚಾಳಿಗೆ ಅವಕಾಶವೇ ಇಲ್ಲ. ಕೈ ಕದಲಿದರೆ ತೂಕ ತಪ್ಪಿ ಬೀಳುವನು. ಮೈಯ ಭಾರವೆಲ್ಲ ಹಿಂಗಾಲಿನಲ್ಲಿ ಕೂಡಿಟ್ಟಂತಿದ್ದು, ಕಾಲಿಟ್ಟೊಡನೆ ಒಮ್ಮೆಗೇ ಮುಂದಕ್ಕೆ ಹರಿಯುವುದು. ೧೯೬೨ರ ಜುಲೈ ೧ರಂದು ಕಾವಸಾಕಿಯಲ್ಲಿ ಮೊದಲ ಬಾರಿಗೆ ಹೀಗೆ ನಿಂತಾಗ ಓ ಅವರು ಹೋಮ್ ರನ್ ಹೊಡೆದರು. ಆ ವರ್ಷದ ಒಟ್ಟು ಲೆಕ್ಕವು ೩೮. ಎರಡು ವರ್ಷದ ತರುವಾಯ ೫೫.

ಆದರೆ ಇದು ಒಂದು ದಿನದ ಮಾಯವಲ್ಲ. ಗುರುವಿನ ಮನೆಯಲ್ಲಿ ರಾತ್ರಿಯೆಲ್ಲ ಅಭ್ಯಾಸವು ನಡೆಯುತ್ತಿದ್ದಿತು. ತಿರುಗುವ ಕಾಲಿನ ಉಜ್ಜಿಗೆ ಚಾಪೆಗಳು ಸವೆದುಹೋದುವು. ಚಾವಣಿಯಿಂದ ಕಾಗದದ ಪಟ್ಟಿಯನ್ನು ತೂಗಬಿಟ್ಟು ನಿಜವಾದ ಖಡ್ಗದಿಂದ ಅದನ್ನು ಕಡಿಯುವ ಸಾಧನೆಯನ್ನು ಅರಕಾವ ಅವರು ಮಾಡಿಸಿದರು. ಇದರ ಜಾಣ್ಮೆಯನ್ನು ಗಮನಿಸಬೇಕು. ತೂಗುವ ಕಾಗದಕ್ಕೆ ಬಲವನ್ನೆಷ್ಟು ಹಾಕಿದರೂ ಅದು ಗಾಳಿಗೆ ಓಲಾಡುವುದೇ ಹೊರತು ಕತ್ತರಿಸುವುದಿಲ್ಲ. ಅಲಗು ತನ್ನ ದಾರಿಯಲ್ಲಿ ನೇರವಾಗಿ, ವೇಗವಾಗಿ, ಮೈಯೊಡನೆ ಒಂದಾಗಿ ಬಂದರೆ ಮಾತ್ರವೇ ಅದು ಎರಡಾಗುವುದು. ಐದಡಿ ಹತ್ತಂಗುಲದ, ಸಾಧಾರಣ ಮೈಕಟ್ಟಿನ ಆ ಪುರುಷರು ೧೯೮೦ರಲ್ಲಿ ವಿಶ್ರಾಂತಿ ಪಡೆಯುವ ವೇಳೆಗೆ ೮೬೮ ಹೋಮ್ ರನ್ನುಗಳನ್ನು ಹೊಡೆದಿದ್ದರು. ವೃತ್ತಿಯ ಆಟಗಾರರ ದೊಡ್ಡ ಪಂದ್ಯಾವಳಿಗಳಲ್ಲಿ ಇಷ್ಟನ್ನು ಬೇರೆ ಯಾರೂ ಹೊಡೆದಿಲ್ಲ. ಜಪಾನಿನ ಮೈದಾನಗಳು ಕಿರಿದಾಗಿದ್ದುವೆಂದು ಅಮೆರಿಕನ್ನರು ಹೇಳುವುದುಂಟು, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದೇ ಕಿರಿದಾದ ಮೈದಾನಗಳಲ್ಲಿ ೧೯೬೧ರಲ್ಲಿ ೧೩ನ್ನೇ ಹೊಡೆದವರೂ ಅವರೇ ಎಂಬುದನ್ನು ಮರೆಯಬಾರದು.

ಇಷ್ಟು ಓದಿದ ವಾಚಕರು, ಹಾಗಾದರೆ ಶರೀರಬಲವು ನಿರರ್ಥಕವೆಂದು ತಿಳಿದರೆ ತಪ್ಪಾದೀತು. ಅಮೆರಿಕದ ಮೈದಾನಗಳಲ್ಲಿ ೨೦೧೫ರಿಂದ ಪ್ರತಿಯೊಂದು ಪೆಟ್ಟಿನ ವೇಗವನ್ನೂ, ಇತ್ತೀಚೆಗೆ ದಾಂಡಿನ ವೇಗವನ್ನೂ ಯಂತ್ರಗಳು ಅಳೆಯುತ್ತಿವೆ. ೨೦೨೪ರಲ್ಲಿ ಹೊರಬಂದ ಲೆಕ್ಕಗಳಂತೆ ಸಾಮಾನ್ಯ ಆಟಗಾರನ ಬೀಸು ಗಂಟೆಗೆ ಸುಮಾರು ೭೨ ಮೈಲಿ. ಆರಡಿ ಆರಂಗುಲದ ಜಾನ್‌ಕಾರ್ಲೊ ಸ್ಟ್ಯಾಂಟನ್ನನದು ಸುಮಾರು ೮೧. ೨೦೨೫ರ ಮೇ ತಿಂಗಳಲ್ಲಿ ಓನೀಲ್ ಕ್ರೂಜನು ಹೊಡೆದ ಚೆಂಡು ೧೨೨.೯ ಮೈಲಿಯ ವೇಗದಿಂದ ಹೊರಟಿತು. ಅವನೂ ಆರಡಿ ಏಳಂಗುಲದ ಭೀಮಕಾಯನೇ. ೨೦೨೨ರಲ್ಲಿ ೬೨ ಹೋಮ್ ರನ್ ಹೊಡೆದ ಆರನ್ ಜಡ್ಜನ ತೂಕವು ೨೮೨ ಪೌಂಡು. ಉದ್ದವಾದ ತೋಳು, ದೊಡ್ಡ ತೊಡೆ, ದಾಂಡು ಹೊರಕ್ಕೆ ಸೆಳೆಯುವಾಗ ಮನುಷ್ಯನ ತೂಕದಷ್ಟೇ ಎಳೆತವನ್ನು ತಡೆದು ಹಿಡಿಯುವ ಮುಂಗೈ, ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಭಾರ ಎತ್ತುವ ವ್ಯಾಯಾಮದಿಂದ ಮೈ ಬಿಗಿದು ಬೀಸು ಕೆಡುವುದೆಂದು ಹಳೆಯ ಶಿಕ್ಷಕರು ಬಹುಕಾಲ ಹೆದರಿಸುತ್ತಿದ್ದರು. ಆ ಭಯವು ಈಗ ಹೋಗಿದೆ.

ಇಲ್ಲಿಯೇ ಆಪತ್ತೂ ಅಡಗಿದೆ. ಟಫ್ಟ್ಸ್ ವಿಶ್ವವಿದ್ಯಾನಿಲಯದ ರೋಜರ್ ಟೋಬಿನ್ ಎಂಬ ಭೌತವಿಜ್ಞಾನಿಯು ೨೦೦೮ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಸ್ನಾಯುಗಳು ನೂರಕ್ಕೆ ಹತ್ತರಷ್ಟು ಬೆಳೆದರೆ ದಾಂಡಿನ ವೇಗವು ನೂರಕ್ಕೆ ಐದರಷ್ಟೂ ಚೆಂಡಿನ ವೇಗವು ನಾಲ್ಕರಷ್ಟೂ ಹೆಚ್ಚಬಹುದು. ಇದು ಅಲ್ಪವಾಗಿ ಕಂಡರೂ, ಬೇಲಿಯ ಬಳಿ ಬೀಳುತ್ತಿದ್ದ ಚೆಂಡುಗಳೆಲ್ಲ ಬೇಲಿಯನ್ನು ದಾಟುವುದರಿಂದ ಹೋಮ್ ರನ್ನುಗಳು ಒಂದೂವರೆಯಷ್ಟು, ಇಲ್ಲವೆ ಎರಡರಷ್ಟೇ ಆಗಬಹುದು. ಈ ಲೆಕ್ಕವನ್ನು ಓದದೆಯೇ ಆಟಗಾರರು ಅದರ ಲಾಭವನ್ನು ಅರಿತಿದ್ದರು. ೧೯೯೮ರಲ್ಲಿ ೭೦ ಹೋಮ್ ರನ್ ಹೊಡೆದು ದೇಶವನ್ನೇ ಕುಣಿಸಿದ ಮಾರ್ಕ್ ಮೆಕ್‌ಗ್ವಯರನು, ತಾನು ಆ ವರ್ಷವೂ ಸ್ನಾಯುವರ್ಧಕ ಔಷಧಗಳನ್ನು ಸೇವಿಸಿದ್ದೆನೆಂದು ೨೦೧೦ರ ಜನವರಿಯಲ್ಲಿ ಒಪ್ಪಿಕೊಂಡನು. ಗಾಯಗಳು ಮಾಯಲೆಂದು ಸೇವಿಸಿದೆನೇ ಹೊರತು ಬಲಕ್ಕಾಗಿ ಅಲ್ಲ, ಕಣ್ಣು ಕೈಗಳ ಹೊಂದಿಕೆಯನ್ನು ಯಾವ ಗುಳಿಗೆಯೂ ಕೊಡದು ಎಂಬುದು ಅವನ ಸಮಾಧಾನ. ಎರಡನೆಯ ಮಾತು ನಿಜವೇ. ಆದರೆ ಕಣ್ಣು ಕೈಗಳು ಮೊದಲೇ ಹೊಂದಿದ್ದವನಿಗೆ ಆ ನಾಲ್ಕು ಪಾಲು ಎಷ್ಟು ದೊಡ್ಡದೆಂಬುದನ್ನು ಟೋಬಿನ್ನರ ಲೆಕ್ಕವು ತೋರಿಸುತ್ತದೆ. ಮನೆಯಲ್ಲಿ ಬೆಳೆಯುವ ಹುಡುಗರುಳ್ಳವರು ಇನ್ನೊಂದನ್ನೂ ತಿಳಿದಿರಬೇಕು. ವೈದ್ಯರ ಅಪ್ಪಣೆಯಿಲ್ಲದೆ ತೆಗೆದುಕೊಳ್ಳುವ ಈ ಔಷಧಗಳು ಹೃದಯವನ್ನೂ ಯಕೃತ್ತನ್ನೂ ಕೆಡಿಸುವುವು. ಎಳೆಯ ವಯಸ್ಸಿನಲ್ಲಿ ಸೇವಿಸಿದರೆ ಎಲುಬಿನ ಬೆಳೆವಣಿಗೆಯು ಅಕಾಲದಲ್ಲಿಯೇ ನಿಂತು ಹುಡುಗನು ಗಿಡ್ಡನಾಗಿ ಉಳಿಯುವನು. ದೊಡ್ಡವನಾಗಬೇಕೆಂದು ಕುಡಿದ ಮದ್ದು ಅವನನ್ನು ಚಿಕ್ಕವನನ್ನಾಗಿಯೇ ನಿಲ್ಲಿಸುವುದು.

ಗಿಡ್ಡರಿಗೂ ಈ ಆಟದಲ್ಲಿ ಸ್ಥಳವಿಲ್ಲದಿಲ್ಲ. ಐದಡಿ ಒಂಬತ್ತಂಗುಲದ ಮೆಲ್ ಆಟ್ ಎಂಬವನು, ಓ ಅವರಿಗಿಂತ ಬಹು ಹಿಂದೆಯೇ ಮುಂಗಾಲನ್ನು ಎತ್ತಿ ಎತ್ತಿ ೫೧೧ ಹೋಮ್ ರನ್ ಹೊಡೆದನು. ಐದಡಿ ಆರಂಗುಲದ ಹೊಸೆ ಅಲ್ಟೂವೆಯು ೨೦೧೯ರಲ್ಲಿ ೩೧ ಹೊಡೆದನು. ಇನ್ನು ಲೂಯಿಸ್ ಅರಾಯೆಸನ ಬೀಸು ೨೦೨೪ರ ಲೆಕ್ಕದಲ್ಲಿ ಎಲ್ಲರಿಗಿಂತ ನಿಧಾನ, ಗಂಟೆಗೆ ಅರವತ್ತೆರಡು-ಅರವತ್ತಮೂರು ಮೈಲಿ. ದೂರಕ್ಕೆ ಹೊಡೆಯುವ ಆಸೆಯನ್ನೇ ಬಿಟ್ಟು, ಆಳಿಲ್ಲದ ಕಡೆಗೆ ಚೆಂಡನ್ನು ತಟ್ಟುತ್ತ ಅವನು ೨೦೨೨, ೨೦೨೩, ೨೦೨೪ರಲ್ಲಿ ಸಾಲಾಗಿ ಮೂರು ವರ್ಷ, ಮೂರು ಬೇರೆ ಬೇರೆ ತಂಡಗಳಲ್ಲಿ, ಸರಾಸರಿಯ ಅಗ್ರಸ್ಥಾನವನ್ನು ಪಡೆದನು.

೧೯೭೪ರ ಏಪ್ರಿಲ್ ೮ರಂದು ರೂತನ ೭೧೪ನ್ನು ದಾಟಿದವನು ಹ್ಯಾಂಕ್ ಆರನ್. ಆರಡಿ ಎತ್ತರ, ೧೮೦ ಪೌಂಡು ತೂಕ. ಬಾಲ್ಯದಲ್ಲಿ ಹೇಳಿಕೊಡುವವರಿಲ್ಲದೆ ಅವನು ಕೈಗಳನ್ನು ಅದಲುಬದಲಾಗಿ ಹಿಡಿದು ಹೊಡೆಯುತ್ತಿದ್ದನು. ಅದನ್ನು ತಿದ್ದಿಕೊಂಡ ಮೇಲೂ ಅವನ ಭಾರವು ಮುಂಗಾಲಿಗೆ ಬೇಗನೆ ಬರುತ್ತಿದ್ದಿತು. ಮಣಿಕಟ್ಟಿನ ಕೊನೆಯ ಚಿಮ್ಮುವಿಕೆಯಿಂದ ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತಿದ್ದನು. ಅದೇ ವರ್ಷದ ನವೆಂಬರ್ ೨ರಂದು ಟೋಕಿಯೋ ನಗರದ ಕೊರಾಕುಯೆನ್ ಮೈದಾನದಲ್ಲಿ ಅವನನ್ನೂ ಓ ಅವರನ್ನೂ ಎದುರೆದುರಾಗಿ ನಿಲ್ಲಿಸಿ ಹೋಮ್ ರನ್ನಿನ ಪಂದ್ಯವನ್ನೇರ್ಪಡಿಸಿದರು. ಒಬ್ಬನು ಮುಂಗಾಲಿನ ಮೇಲೆ ಬೀಳುವವನು, ಇನ್ನೊಬ್ಬರು ಹಿಂಗಾಲಿನ ಮೇಲೆ ಒಂಟಿಯಾಗಿ ನಿಲ್ಲುವವರು; ಇಬ್ಬರಲ್ಲಿ ಯಾರೂ ಭೀಮಕಾಯರಲ್ಲ. ನಲವತ್ತು ವರ್ಷದ ಆರನ್ನನು ಹತ್ತು ಹೊಡೆದನು, ಓ ಅವರು ಒಂಬತ್ತು.